ನೀಲವ್ವನ ಮೊಳೆಗೆ ನೇತುಹಾಕಿದ ಸ್ಟೀರಿಂಗ್

ಇಂಥ ಅನುಭವ ಹೇಳುವವರೆಲ್ಲ ದೇವರ ಮೇಲೆ ಆಣೆ ಇಟ್ಟು ಶುರುಮಾಡುತ್ತಾರೆ. ನಾನು ಆಣೆ ಇಡುವುದಿಲ್ಲ. ಇದು ನಡೆದದ್ದು ನನ್ನ ಮನೆಯಲ್ಲಿ, ನನ್ನ ಗಂಡನ ಕಣ್ಣೆದುರಿಗೆ. ನಂಬಿಕೆ ಬರದವರು ಅವರನ್ನೇ ಕೇಳಬಹುದು. ಅವರು ಎದ್ದು ಹೊರಗೆ ಹೋಗಿಬಿಡುತ್ತಾರೆ. ಸುಳ್ಳಾಗಿದ್ದರೆ ಮನುಷ್ಯ ನಕ್ಕು ಸುಮ್ಮನಾಗುತ್ತಿದ್ದ, ಎದ್ದು ಹೋಗುತ್ತಿರಲಿಲ್ಲ.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ನನಗೆ ಹೊಟ್ಟೆಕಿಚ್ಚು ಜಾಸ್ತಿ. ಹುಟ್ಟಿನಿಂದ ಇತ್ತೋ ಇಲ್ಲವೋ ಗೊತ್ತಿಲ್ಲ, ಎರಡನೇ ಸಂಬಂಧಕ್ಕೆ ಮದುವೆಯಾದ ಮೇಲಂತೂ ಖಂಡಿತ ಬಂತು. ಅದನ್ನು ಬಚ್ಚಿಟ್ಟರೆ ಈ ಕಥೆ ನಿಮಗೆ ಅರ್ಥವಾಗುವುದಿಲ್ಲ.

ಆಗ ನಾವು ಹೆಬ್ಬಗೋಡಿಯಲ್ಲಿ ಬಾಡಿಗೆಗಿದ್ದೆವು. ಹೊಸೂರು ರಸ್ತೆಯ ಉದ್ದದ ಫ್ಲೈಓವರ್ ಹೊಸದಾಗಿ ತೆರೆದಿದ್ದ ಕಾಲ. ಸಾಲು ಮನೆಗಳಲ್ಲಿ ನಮ್ಮದು ಕೊನೆಯದು. ಮುಂದೆ ಒಂದು ಹೊರಕೋಣೆ, ಅದರ ಮೂಲೆಯಲ್ಲೇ ಒಲೆ, ಹಿಂದೆ ಕಿಟಕಿಯೇ ಇಲ್ಲದ ಒಂದು ಒಳಕೋಣೆ. ನಾನು ಆನೇಕಲ್ ಕಡೆಯವಳು, ಹೆಸರು ರತ್ನ, ಬೊಮ್ಮಸಂದ್ರದ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸ. ನಮ್ಮ ಯಜಮಾನರು ರಾಣೆಬೆನ್ನೂರು ಕಡೆಯ ಬಡಗಿ. ಹೆಸರು ಮಾದೇವಪ್ಪ. ಬಾಯಲ್ಲಿ ಕರೆಯುವುದಿಲ್ಲ ಅಷ್ಟೆ, ಬರೆಯುವುದಕ್ಕೇನಂತೆ. ಜಿಗಣಿಯಲ್ಲಿ ಹಳೇ ಕಾಲದ ಕಾರುಗಳನ್ನು ಬಿಚ್ಚಿ, ತೊಳೆದು, ಮತ್ತೆ ಮೊದಲಿನ ಹಾಗೆ ಕಟ್ಟುವ ಒಂದು ಶೆಡ್ಡಿತ್ತು. ಆ ಕಾರುಗಳೊಳಗಿನ ಮರಗೆಲಸವೆಲ್ಲ ಇವರದು.

ಮೊದಲ ಹೆಂಡತಿ ನೀಲವ್ವ ಕಾಮಾಲೆಯಾಗಿ ತೀರಿಹೋಗಿದ್ದಳು. ಅವರ ಕಡೆ ಒಂದು ಪದ್ಧತಿ ಇದೆ. ಎರಡನೆಯವಳು ತಾಳಿಯ ಜೊತೆಗೆ ಮೊದಲನೆಯವಳ ಹೆಸರಿನಲ್ಲಿ ಒಂದು ಪುಟ್ಟ ಬೆಳ್ಳಿ ಬಿಲ್ಲೆ ಕಟ್ಟಿಕೊಳ್ಳಬೇಕು. ಪ್ರತಿ ಅಮಾವಾಸ್ಯೆ ಅವಳ ಫೋಟೋದ ಮುಂದೆ ಎಡೆ ಇಟ್ಟು, ಲೋಬಾನ ಹಾಕಿ, ‘ಅಕ್ಕಾ’ ಅಂತ ಕರೆದು ಕೈಮುಗಿಯಬೇಕು. ಇಲ್ಲದಿದ್ದರೆ ಅವಳು ಮುನಿಸಿಕೊಳ್ಳುತ್ತಾಳೆ ಅಂತ ನಮ್ಮತ್ತೆ ಹೇಳಿಕೊಟ್ಟಿದ್ದರು. ನಾನು ಒಂದೂ ತಪ್ಪಿಸದೆ ಮಾಡುತ್ತಿದ್ದೆ. ಕೈ ಮುಗಿಯುತ್ತಿತ್ತು, ಹೊಟ್ಟೆ ಉರಿಯುತ್ತಿತ್ತು.

ಸತ್ತ ಎಮ್ಮೆಗೆ ಹಾಲು ಹೆಚ್ಚು ಅಂತ ಗಾದೆ ಇದೆಯಲ್ಲ. ನೀಲವ್ವ ಮಾಡಿದ ಪಲ್ಯ, ನೀಲವ್ವ ಹಾಕಿದ ರಂಗೋಲಿ, ನೀಲವ್ವನ ಮೆಂತ್ಯ ಹಾಕಿ ಕಾಸಿದ ಕೊಬ್ಬರಿ ಎಣ್ಣೆ… ಅವರ ಮನೆಗೆ ಹೋದರೆ ಇದೇ ಮಾತು. ಇವರೇನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಒಳಕೋಣೆಯ ಗೋಡೆಯಲ್ಲಿ ಭದ್ರವಾಗಿದ್ದದ್ದು ಒಂದೇ ಮೊಳೆ, ಆ ಮೊಳೆಯಲ್ಲಿ ಅವಳ ಫೋಟೋ. ನಾನು ಬೆಳಗ್ಗೆ ಕಣ್ಣು ಬಿಟ್ಟರೆ ಮೊದಲು ಕಾಣುತ್ತಿದ್ದದ್ದು ಆ ಮುಖ.

ಒಂದು ದಿನ ಸಂಜೆ ಇವರು ಬಟ್ಟೆಯಲ್ಲಿ ಸುತ್ತಿದ ಏನನ್ನೋ ಎದೆಗೆ ಅವಚಿಕೊಂಡು ಬಂದರು. ಮಗು ಎತ್ತಿಕೊಂಡು ಬಂದಂತಿತ್ತು. ಬಿಚ್ಚಿದರೆ ಒಂದು ಸ್ಟೀರಿಂಗ್.

ವೈಟ್‌ಫೀಲ್ಡಿನಲ್ಲಿ ದೊಡ್ಡ ತೋಟದ ಮನೆಯಲ್ಲಿರುವ ಒಬ್ಬ ವಯಸ್ಸಾದ ಸಾಹೇಬರ ಕಾರಿನದು. ಇಂಗ್ಲೆಂಡಿನಿಂದ ಯಾವ ಕಾಲದಲ್ಲೋ ಬಂದ, ಎರಡೇ ಸೀಟಿನ, ರೇಸಿನ ಕಾರು. ಸ್ಟೀರಿಂಗಿನ ನಡುವೆ ತೂತು ತೂತಿನ ಅಲ್ಯೂಮಿನಿಯಂ ಕಡ್ಡಿಗಳು, ಸುತ್ತ ತೆಳುವಾದ ಮಹಾಗನಿ ಮರದ ಬಳೆ, ಬಳೆಯ ಉದ್ದಕ್ಕೂ ಸಣ್ಣ ಸಣ್ಣ ರಿವೆಟ್ಟುಗಳು. ಹಿಂಬದಿಯಲ್ಲಿ ಬೆರಳು ಕೂರಲು ಒಂದೊಂದೇ ತಗ್ಗು ಕೆತ್ತಿದ್ದರು. ಮರ ಅಲ್ಲಲ್ಲಿ ಪದರ ಬಿಟ್ಟು ಸೀಳಿತ್ತು. ಇವರು ಅದನ್ನೆಲ್ಲ ಅಂಟಿಸಿ, ತಿಕ್ಕಿ ಮುಗಿಸಿದ್ದರು. ಉಳಿದದ್ದು ವಾರ್ನಿಶ್ ಮಾತ್ರ.

ಶೆಡ್ಡಿನಲ್ಲಿ ವಾರ್ನಿಶ್ ಮಾಡಲು ಸಾಧ್ಯವಿರಲಿಲ್ಲ. ಪಕ್ಕದಲ್ಲೇ ಗ್ರಾನೈಟ್ ಕತ್ತರಿಸುವ ಫ್ಯಾಕ್ಟರಿ. ಹಗಲೂ ರಾತ್ರಿ ಬಿಳೀ ಧೂಳು. ಹಸಿ ವಾರ್ನಿಶ್ ಮೇಲೆ ಧೂಳು ಕೂತರೆ ಮತ್ತೆ ತಿಕ್ಕಿ ಮೊದಲಿಂದ ಶುರು. ಕಿಟಕಿಯಿಲ್ಲದ ಕೋಣೆ ಬೇಕಿತ್ತು, ನಮ್ಮದು ಇತ್ತಲ್ಲ.

ಅವತ್ತೇ ನಾವು ಹಾಸಿಗೆ ಸಮೇತ ಹೊರಕೋಣೆಗೆ ಬಂದೆವು. ಸ್ಟೀರಿಂಗ್ ಒಳಕೋಣೆಯ ಯಜಮಾನಿಯಾಯಿತು. ಅದಕ್ಕೋಸ್ಕರ ಫ್ಯಾನು ಹಾಕಬಾರದು, ಕಸ ಗುಡಿಸಬಾರದು, ಒಗ್ಗರಣೆ ಕೊಡಬಾರದು, ಪೌಡರ್ ಹಚ್ಚಬಾರದು, ತಲೆ ಬಾಚುವುದಿದ್ದರೆ ಬೀದಿಗೆ ಹೋಗಿ ಬಾಚಬೇಕು. ನೇತುಹಾಕಲು ಗಟ್ಟಿ ಮೊಳೆ ಬೇಕು ಅಂತ ನೀಲವ್ವನ ಫೋಟೋ ಇಳಿಸಿದರು. ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ಅದೇ ಮೊಳೆಗೆ ಸ್ಟೀರಿಂಗ್ ಹಾಕಿದರು.

ಫೋಟೋ ಇಳಿದಾಗ ನನಗೆ ಖುಷಿಯಾಗಬೇಕಿತ್ತು. ಒಂದು ಗಳಿಗೆ ಆಯಿತು ಕೂಡ. ಆಮೇಲೆ ಇವರು ಕಣ್ಣು ಮುಚ್ಚಿಕೊಂಡು ಆ ಮರದ ಸುತ್ತ ಹೆಬ್ಬೆರಳು ಆಡಿಸುವುದನ್ನು ನೋಡಿದೆ. ಎಲ್ಲಾದರೂ ಒರಟು ಉಳಿದಿದೆಯಾ ಅಂತ ಕೆನ್ನೆಗೆ ಒತ್ತಿಕೊಂಡು ನೋಡುತ್ತಿದ್ದರು. ಮದುವೆಯಾಗಿ ಅಷ್ಟು ದಿನಕ್ಕೆ ನನ್ನನ್ನು ಹಾಗೆ ಒಂದು ಸಲವೂ ಮುಟ್ಟಿದವರಲ್ಲ. ಸವತಿ ಮಣ್ಣಿನದಾದರೂ ಸವತಿಯೇ ಅಂತ ನಮ್ಮಮ್ಮ ಹೇಳುತ್ತಿದ್ದಳು. ಮರದ ಸವತಿ ಬರುತ್ತಾಳೆ ಅಂತ ಅವಳಿಗೂ ಗೊತ್ತಿರಲಿಕ್ಕಿಲ್ಲ.

“ಆ ಮರವನ್ನೇ ಕಟ್ಕೋಬೇಕಿತ್ತು ನೀವು” ಅಂದೆ. ಅವರು ಸರಕ್ಕನೆ ತಿರುಗಿ ನನ್ನ ಮುಖ ನೋಡಿದರು. ಯಾಕೆ ಹಾಗೆ ನೋಡಿದರು ಅಂತ ಆಗ ಗೊತ್ತಾಗಲಿಲ್ಲ.

ಅದೇ ವಾರ ಊಟದ ಕ್ಯಾರಿಯರ್ ಕೊಡಲು ಶೆಡ್ಡಿಗೆ ಹೋಗಿದ್ದೆ. ಸಾಹೇಬರೂ ಬಂದಿದ್ದರು. ಹಳೆಯದು ಕೈಕೊಟ್ಟರೆ ಇರಲಿ ಅಂತ ಇವರು ಅದೇ ಅಳತೆಗೆ ಹೊಸ ಮರದ ಬಳೆಯೊಂದನ್ನು ಮಾಡಿಟ್ಟಿದ್ದರು. ಒಂದು ಗೀರಿಲ್ಲ, ಕಣ್ಣು ಕುಕ್ಕುವಂತಿತ್ತು. ಸಾಹೇಬರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೆಳಗಿಟ್ಟರು.

“ಬ್ಯೂಟಿಫುಲ್ ಮಾದೇವಪ್ಪ. ಆದ್ರೆ ಒರಿಜಿನಲ್ ಇರೋವಾಗ ಇದ್ಯಾಕೆ? ಹೊಸದು ಎಷ್ಟೇ ಚೆನ್ನಾಗಿದ್ರೂ ಬದಲಿಗೆ ತಂದಿದ್ದೇ.”

“ಖರೆ ಐತ್ರಿ ಸಾಹೇಬ್ರ” ಅಂದರು ನಮ್ಮವರು. “ಮೊದಲಿನದು ಮೊದಲಿನದ.”

ಅವರು ಹೇಳಿದ್ದು ಸ್ಟೀರಿಂಗಿನ ವಿಷಯ. ನನಗೆ ಅಷ್ಟೂ ತಿಳಿಯುವುದಿಲ್ಲವೇ? ಆದರೂ ಕ್ಯಾರಿಯರ್ ಅಲ್ಲೇ ಇಟ್ಟು ಬಸ್ಸು ಹತ್ತಿದೆ. ಚಂದಾಪುರ ಬರುವವರೆಗೂ ಕಣ್ಣಲ್ಲಿ ನೀರು ನಿಲ್ಲಲಿಲ್ಲ.

ಅಷ್ಟರಲ್ಲಿ ಅಮಾವಾಸ್ಯೆ ಬಂತು. ಎಡೆಗೆ ಏನು ಮಾಡಲಿ ಅಂತ ಕೇಳಿದೆ. ಈ ಸಲ ಬೇಡ ಅಂದರು ಇವರು. ಲೋಬಾನದ ಹೊಗೆ ವಾರ್ನಿಶ್ ಮೇಲೆ ಕೂರುತ್ತದೆ, ಕೆಲಸ ಮುಗಿದ ಮೇಲೆ ಮಾಡಿದರಾಯಿತು, ನೀಲಾ ಏನೂ ಅಂದುಕೊಳ್ಳುವುದಿಲ್ಲ ಅಂದರು. ನಮ್ಮತ್ತೆ ಹೇಳಿದ್ದನ್ನು ನೆನಪಿಸಿದೆ. ಕೇಳಲಿಲ್ಲ. ಹೀಗೆ ನೀಲವ್ವನಿಗೆ ಮೊಳೆಯೂ ಹೋಯಿತು, ಎಡೆಯೂ ಹೋಯಿತು.

ಮಾರನೇ ಬೆಳಗ್ಗೆ ಒಳಕೋಣೆಯಿಂದ ಇವರು ಕೂಗಿದರು.

ಹೋಗಿ ನೋಡಿದೆ. ಹಿಂದಿನ ಸಂಜೆ ಹಚ್ಚಿದ ವಾರ್ನಿಶ್ ಮೇಲೆ ಎರಡು ಕೈಗಳ ಗುರುತು. ಹೆಬ್ಬೆರಳು ಮುಂದೆ, ಉಳಿದ ಬೆರಳುಗಳು ಹಿಂದಿನ ತಗ್ಗುಗಳಲ್ಲಿ. ಸಣ್ಣ ಕೈ… ಹೆಂಗಸಿನ ಕೈ. ಯಾರೋ ಬಿಗಿಯಾಗಿ, ಬಿಡಲಾರೆ ಅನ್ನುವಂತೆ ಹಿಡಿದಿದ್ದರು.

“ಮುಟ್ಟೀಯೇನು?” ಅಂದರು.

ಇಲ್ಲ ಅಂದೆ. ಅವರು ನನ್ನ ಕೈ ನೋಡಿದರು, ಮತ್ತೆ ಗುರುತು ನೋಡಿದರು, ವಾಟರ್ ಪೇಪರ್ ತೆಗೆದುಕೊಂಡು ತಿಕ್ಕಲು ಕೂತರು. ಸಂಜೆ ಮತ್ತೆ ಕೋಟಿಂಗ್ ಹಚ್ಚಿ, ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಮಲಗಿದರು. ಗಂಡ ಹೆಂಡತಿ ನಡುವೆ ಬೀಗ ಬಂದ ಮೇಲೆ ಇನ್ನೇನು ಉಳಿಯಿತು ಹೇಳಿ.

ಬೆಳಗ್ಗೆ ಬೀಗ ಹಾಕಿದ ಹಾಗೇ ಇತ್ತು. ಒಳಗೆ ಸ್ಟೀರಿಂಗಿನ ಮೇಲೆ ಅವೇ ಕೈಗಳು.

ಅವರು ಮಲಗಿದ್ದಾಗ ನಾನೇ ಬೀಗದ ಕೈ ಬಿಚ್ಚಿಕೊಂಡು ಹೋಗಿ ಮುಟ್ಟಿದ್ದೇನೆ, ಹೊಟ್ಟೆಕಿಚ್ಚಿಗೆ ಅವರ ಕೆಲಸ ಹಾಳು ಮಾಡುತ್ತಿದ್ದೇನೆ ಅಂತ ಅವರು ತೀರ್ಮಾನಿಸಿದರು. ಅದನ್ನು ಬೈಗುಳದಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆತ್ತಗೆ, ಗೋಡೆ ನೋಡಿಕೊಂಡು ಹೇಳಿದರು: ಕೆಲಸ ಮುಗಿಯುವವರೆಗೆ ಆನೇಕಲ್ಲಿಗೆ, ನಮ್ಮಣ್ಣನ ಮನೆಗೆ ಹೋಗಿ ಇರು ಅಂತ.

ಅಣ್ಣನ ಮನೆ ಅಂದರೆ ಅತ್ತಿಗೆಯ ಮನೆ. ನನ್ನ ಮದುವೆಯ ದಿನ ಅವಳು ಬಾಗಿಲಿಗೆ ಬಂದು, ಇನ್ನು ಹಬ್ಬಕ್ಕೆ ಬಂದು ಹೋಗು ಸಾಕು ಅಂದಿದ್ದಳು. ಈ ಮನೆಯಿಂದ ಒಂದು ಸಲ ಹೊರಟರೆ ನನಗೆ ಹೋಗಲು ಜಾಗ ಇರಲಿಲ್ಲ, ವಾಪಸು ಬರಲು ಮುಖ ಇರುತ್ತಿರಲಿಲ್ಲ.

“ಇವತ್ತೊಂದ್ ದಿನ ನೋಡಿ ರೀ” ಅಂದೆ. “ಕೈಗೆ ಅರಿಶಿನ ಬಳ್ಕೊಂಡು ನಿಮ್ ಪಕ್ಕಾನೇ ಕೂತಿರ್ತೀನಿ. ನಾನು ಮುಟ್ಟಿದ್ರೆ ಬಣ್ಣ ಹತ್ತುತ್ತಲ್ಲ. ಒಂದ್ ಚೂರು ಹಳದಿ ಕಂಡ್ರೂ ಬೆಳಗ್ಗೆ ಮೊದಲ್ನೇ ಬಸ್ಸಿಗೇ ಹೋಗ್ತೀನಿ.”

ಅವರು ಒಪ್ಪಿದರು.

ಸಂಜೆ ಕೋಟಿಂಗ್ ಹಚ್ಚಿ ಬೀಗ ಹಾಕಿದರು. ನಾನು ಎಣ್ಣೆಯಲ್ಲಿ ಅರಿಶಿನ ಕಲಸಿ ಎರಡೂ ಅಂಗೈಗೆ ದಪ್ಪಗೆ ಬಳಿದುಕೊಂಡೆ. ಬಾಗಿಲಿಗೆ ಎದುರಾಗಿ ಗೋಡೆಗೆ ಒರಗಿ ಕೂತೆವು. ಅವರೇ ತುತ್ತು ಮಾಡಿ ನನಗೆ ಊಟ ಮಾಡಿಸಿದರು. ಬೇರೆ ದಿನವಾಗಿದ್ದರೆ ನನಗೆ ಸ್ವರ್ಗ ಸಿಕ್ಕಂತಾಗುತ್ತಿತ್ತು, ಅವತ್ತು ನನ್ನ ಕಣ್ಣು ಬೀಗದ ಮೇಲೇ ಇತ್ತು.

ಊಟ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಇವರು ಮೊಬೈಲಿನ ಟಾರ್ಚ್ ಹಚ್ಚಿ ಹಿಡಿದರು.

ಹೊಸೂರು ರಸ್ತೆಯಲ್ಲಿ ಶಿಫ್ಟಿನ ಬಸ್ಸುಗಳು ಹೋಗುವ ಸದ್ದು. ಪಕ್ಕದ ಸಾಲಿನಲ್ಲಿ ಯಾರದೋ ಮಗು ಅಳುತ್ತಿತ್ತು, ನಿಂತಿತು. ಬೀದಿಯ ನಾಯಿಗಳು ಬೊಗಳುತ್ತಿದ್ದವು, ಅವೂ ನಿಂತವು. ಆಮೇಲೆ ಬಾಗಿಲಿನ ಆ ಕಡೆಯಿಂದ ಸಣ್ಣಗೆ…

ಕಿರ್… ಕಿರ್…

ಮೊಳೆಯ ಸದ್ದು. ಅದಕ್ಕೆ ನೇತುಹಾಕಿದ್ದು ಅಲುಗಾಡಿದರೆ ಬರುವ ಸದ್ದು. ಅದರ ಹಿಂದೆಯೇ ಗಾಜಿನ ಬಳೆ ಮರಕ್ಕೆ ತಾಗಿದ ದನಿ. ನಾನು ಗಾಜಿನ ಬಳೆ ಹಾಕುತ್ತಿರಲಿಲ್ಲ, ಫ್ಯಾಕ್ಟರಿಯಲ್ಲಿ ಬಿಡುವುದಿಲ್ಲ. ನನ್ನ ಬರಿಗೈ ಎರಡನ್ನೂ ಅವರ ಮುಖದ ಹತ್ತಿರ ಎತ್ತಿ ಹಿಡಿದೆ. ಅವರು ನನ್ನ ಕೈ ನೋಡುತ್ತಿರಲಿಲ್ಲ.

ವಾರ್ನಿಶ್ ವಾಸನೆಗೆ ನಮ್ಮ ಮೂಗು ಒಗ್ಗಿಹೋಗಿತ್ತು. ಅದನ್ನು ಸೀಳಿಕೊಂಡು ಬಾಗಿಲ ಸಂದಿಯಿಂದ ಇನ್ನೊಂದು ವಾಸನೆ ಬಂತು. ಕಾಸಿದ ಕೊಬ್ಬರಿ ಎಣ್ಣೆ… ಕರಿದ ಮೆಂತ್ಯ… ಆಗ ತಾನೇ ತಲೆಗೆ ಎಣ್ಣೆ ಹಚ್ಚಿಕೊಂಡ ಹೆಂಗಸು ಪಕ್ಕದಲ್ಲಿ ಬಂದು ಕೂತರೆ ಬರುವ ವಾಸನೆ.

ಮೊಬೈಲಿನ ಟಾರ್ಚ್ ಬೆಳಕಲ್ಲಿ ಅವರ ಮುಖ ನೋಡಿದೆ. ಅವರೂ ಹೆದರಿರುತ್ತಾರೆ, ನನ್ನ ಕೈ ಹಿಡಿಯುತ್ತಾರೆ ಅಂದುಕೊಂಡಿದ್ದೆ. ಅವರ ಮುಖದಲ್ಲಿ ಭಯ ಇರಲಿಲ್ಲ. ಬಹಳ ದಿನ ಕಾದ ಬಸ್ಸು ಬಂದಾಗ ಜನರ ಮುಖ ಹೇಗಿರುತ್ತದೆ, ಹಾಗಿತ್ತು. ಆ ಮುಖವನ್ನು ನಾನು ಅದಕ್ಕೆ ಮೊದಲು ಒಮ್ಮೆಯೂ ಕಂಡಿರಲಿಲ್ಲ.

“ನೀಲಾ…” ಅಂದರು, ಪಿಸುಮಾತಿನಲ್ಲಿ.

ಎದ್ದು ಬೀಗ ತೆಗೆದರು. ನಾನು ಅವರ ಬೆನ್ನ ಹಿಂದೆ ನಿಂತು ನೋಡಿದೆ. ಗಾಳಿಯಿಲ್ಲದ ಕೋಣೆ, ಫ್ಯಾನು ನಿಂತಿದೆ. ಗೋಡೆಯ ಮೇಲೆ ಸ್ಟೀರಿಂಗ್ ತಿರುಗುತ್ತಿತ್ತು. ಒಂದಿಷ್ಟು ಬಲಕ್ಕೆ… ನಿಲ್ಲುವುದು… ಒಂದಿಷ್ಟು ಎಡಕ್ಕೆ. ಟಾರ್ಚಿನ ಬೆಳಕಲ್ಲಿ ಹಸಿ ವಾರ್ನಿಶ್ ಮಿರಮಿರ ಮಿಂಚುತ್ತಿತ್ತು. ನಾವು ನೋಡನೋಡುತ್ತಿದ್ದಂತೆ ಆ ಮಿಂಚಿನ ಮೇಲೆ ಒಂದು ಹೆಬ್ಬೆರಳಿನಷ್ಟು ಜಾಗ ಒಳಗೆ ಒತ್ತಿಕೊಂಡಿತು. ಅದರ ಎದುರಿಗೆ ಇನ್ನೊಂದು. ನನ್ನ ಎರಡೂ ಕೈ ನನ್ನ ಎದೆಯ ಮೇಲಿದ್ದವು, ರವಿಕೆಯೆಲ್ಲ ಅರಿಶಿನ.

ಎಷ್ಟು ಹೊತ್ತು ನಿಂತಿದ್ದೆವೋ. ಕರೆಂಟು ಬಂದಾಗ ಸ್ಟೀರಿಂಗ್ ಸುಮ್ಮನೆ ನೇತಾಡುತ್ತಿತ್ತು. ಗುರುತಿನ ಮೇಲೆ ಒಂದು ಚೂರೂ ಹಳದಿ ಇರಲಿಲ್ಲ.

ನನ್ನ ತಪ್ಪಿಲ್ಲ ಅಂತ ಸಾಬೀತಾಯಿತು. ಅವರು ಹೊಸ್ತಿಲ ಮೇಲೆ ಕುಸಿದು ಕೂತು, ಯಾರಿಗೋ ಹೇಳುವವರಂತೆ ಮೆಲ್ಲಗೆ ಮಾತಾಡಿದರು.

“ಅಕಿಗೂ ನನ್ನ ಕೆಲ್ಸ ಕಂಡ್ರ ಆಗಿಬರ್ತಿದ್ದಿಲ್ಲ. ಹಿಂದಿನಿಂದ ಬಂದು ಕೈಯಾಗಿಂದು ಕಸಗೊಂತಿದ್ಲು. ಆ ಕಟಗೀನ ಕಟ್ಗೋಬೇಕಿತ್ತು ನೀವು ಅಂತಿದ್ಲು.”

ನಾನು ಅಂದ ಮಾತನ್ನೇ ಅವಳೂ ಅಂದಿದ್ದಳು. ಬೈಯುವುದರಲ್ಲಿ ಕೂಡ ನಾನು ಎರಡನೆಯವಳಾಗಿದ್ದೆ.

ಮರುದಿನ ಅವರು ಕ್ಷಮೆ ಕೇಳುತ್ತಾರೆ, ಎಡೆ ಇಟ್ಟು ಶಾಂತಿ ಮಾಡಿಸುತ್ತಾರೆ ಅಂದುಕೊಂಡೆ. ಅವರು ಗುರುತನ್ನು ತಿಕ್ಕಿ ತೆಗೆದು, ಶಿಳ್ಳೆ ಹಾಕಿಕೊಂಡು ಹೊಸ ಕೋಟಿಂಗ್ ಹಚ್ಚಿದರು. ಬೆಳಗ್ಗೆ ಮತ್ತೆ ಗುರುತು. ಮತ್ತೆ ತಿಕ್ಕಿದರು, ಮತ್ತೆ ಹಚ್ಚಿದರು. ಶೆಡ್ಡಿನಿಂದ ಫೋನ್ ಬಂದರೆ ಇನ್ನೂ ಒಣಗಿಲ್ಲ ಅನ್ನುತ್ತಿದ್ದರು. ವಾರ್ನಿಶ್ ಹಸಿಯಾಗಿರುವವರೆಗೆ ಅವಳು ಬರುತ್ತಾಳೆ, ಒಣಗಿ ಕೆಲಸ ಮುಗಿದರೆ ಬರುವುದಿಲ್ಲ ಅಂತ ಅವರಿಗೆ ಅನ್ನಿಸಿತ್ತು. ಅದಕ್ಕೇ ಕೆಲಸ ಮುಗಿಯದಂತೆ ನೋಡಿಕೊಳ್ಳುತ್ತಿದ್ದರು.

ಬೀಗ ಹಾಕುವುದನ್ನೂ ಬಿಟ್ಟರು. ಬಾಗಿಲು ತೆರೆದಿಟ್ಟು ಒಳಕೋಣೆಯ ಹೊಸ್ತಿಲಿಗೆ ತಲೆಯಿಟ್ಟು ಮಲಗುತ್ತಿದ್ದರು. ನಾನು ಒಲೆಯ ಪಕ್ಕದಲ್ಲಿ ಚಾಪೆ ಹಾಸಿಕೊಂಡು, ಕಣ್ಣು ಬಿಟ್ಟುಕೊಂಡು, ಆ ಎಣ್ಣೆಯ ವಾಸನೆ ಬರುವುದನ್ನು ಕಾಯುತ್ತಿದ್ದೆ. ಬಂದ ಕೂಡಲೇ ಅವರು ನಿದ್ದೆಯಲ್ಲೇ ಮಗ್ಗುಲು ಬದಲಿಸಿ ಆ ಕಡೆ ತಿರುಗುತ್ತಿದ್ದರು. ಭಯಕ್ಕೆ ಹಲ್ಲು ಕಡಿದುಕೊಳ್ಳುತ್ತಿದ್ದೆನೋ ಹೊಟ್ಟೆಕಿಚ್ಚಿಗೋ ನನಗೇ ಗೊತ್ತಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮತ್ತೆ ಅದೇ ಮಾತು ತೆಗೆದರು. ಈ ಸಲ ಅನುಮಾನ ಇರಲಿಲ್ಲ, ಬೇಡುವ ದನಿಯಿತ್ತು.

“ಸ್ವಲ್ಪ ದಿನ ಅಣ್ಣನ ಮನೀಗೆ ಹೋಗಿ ಬಾ ರತ್ನಾ. ಅಕಿ ನಿನ್ನ ಕಂಡು ಮಾತಾಡವಲ್ಲಳು.”

ಬದುಕಿದವಳು ಹೋಗಬೇಕಂತೆ, ಸತ್ತವಳು ಮಾತಾಡಬೇಕಂತೆ.

ಅವತ್ತು ಸಂಜೆ ಕೋಟಿಂಗ್ ಹಚ್ಚಿದ ಮೇಲೆ ವಾರ್ನಿಶ್ ಮುಗಿಯಿತು ಅಂತ ತರಲು ಬೊಮ್ಮಸಂದ್ರಕ್ಕೆ ಹೊರಟರು. ಬರುವಷ್ಟರಲ್ಲಿ ನಾನು ಬಟ್ಟೆ ಕಟ್ಟಿಕೊಂಡಿರಲಿ ಅನ್ನುವಂತೆ ಚೀಲವನ್ನು ಕಾಣುವ ಹಾಗೆ ಇಟ್ಟು ಹೋದರು. ದೀಪ ಹಚ್ಚುವ ಹೊತ್ತು. ಮೋಡ ಕವಿದು ಬೇಗ ಕತ್ತಲಾಗಿತ್ತು, ಕರೆಂಟೂ ಇರಲಿಲ್ಲ.

ಚೀಲ ಒದ್ದು ಪಕ್ಕಕ್ಕೆ ತಳ್ಳಿದೆ. ಅನ್ನ ಬಸಿದೆ, ಬೇಳೆಸಾರಿಗೆ ಅವರು ಬೇಡವೆಂದಿದ್ದ ಒಗ್ಗರಣೆಯನ್ನೂ ಚೊಂಯ್ ಅನ್ನಿಸಿದೆ. ಟ್ರಂಕಿನಿಂದ ನೀಲವ್ವನ ಫೋಟೋ ತೆಗೆದು ಸೆರಗಲ್ಲಿ ಒರೆಸಿದೆ. ಒಳಕೋಣೆಗೆ ಹೋಗಿ, ಸ್ಟೀರಿಂಗಿನ ಕೆಳಗೆ ಗೋಡೆಗೆ ಆನಿಸಿ, ಎಡೆ ಇಟ್ಟು, ಕೆಂಡಕ್ಕೆ ಲೋಬಾನ ಸುರಿದೆ. ಹೊಗೆ ಕೋಣೆ ತುಂಬಿತು. ಹಾಳಾದರೆ ಹಾಳಾಗಲಿ ಆ ವಾರ್ನಿಶ್ ಅನ್ನಿಸಿತು.

ತಲೆಯ ಮೇಲೆ ಮೊಳೆ ಕಿರ್ ಅಂದಿತು.

ಎಣ್ಣೆಯ ವಾಸನೆ ಹೊಗೆಯನ್ನೂ ಮೀರಿ ಬಂತು. ಎದೆಯ ಮೇಲೆ ಬೆಳ್ಳಿ ಬಿಲ್ಲೆ ಮಂಜುಗಡ್ಡೆಯಾಗಿತ್ತು. ಎದ್ದು ಓಡಬೇಕು ಅನ್ನಿಸಿತು. ಓಡಿದರೆ ಎಲ್ಲಿಗೆ? ಬಾಗಿಲ ಬಳಿ ಚೀಲ ಇತ್ತಲ್ಲ. ಅದನ್ನು ನೆನೆದದ್ದೇ ತಡ, ಭಯಕ್ಕಿಂತ ಸಿಟ್ಟು ಜಾಸ್ತಿಯಾಯಿತು.

“ಅಕ್ಕಾ” ಅಂದೆ. ಬಾಯಿಪಾಠದ ‘ಅಕ್ಕಾ’ ಅಲ್ಲ, ನಿಜವಾಗಿ ಕರೆದೆ. “ಇದನ್ ಕಂಡ್ರೆ ನಿಂಗೂ ಆಗಲ್ಲ, ನಂಗೂ ಆಗಲ್ಲ. ಇದು ಈ ಮನೆ ಬಿಟ್ಟು ಹೋಗ್ಲಿ ಬಿಡು. ಇದು ಹೋಗ್ಲಿಲ್ಲ ಅಂದ್ರೆ ನಾನು ಹೋಗ್ಬೇಕಾಗುತ್ತೆ, ನಂಗೆ ಬೇರೆ ಜಾಗ ಇಲ್ಲ. ನಿಂಗೆ ಹಿಡ್ಕೊಳ್ಳೋಕೆ ಏನಾದ್ರೂ ಬೇಕೇ ಬೇಕು ಅಂದ್ರೆ… ನನ್ ಕೈ ಹಿಡ್ಕೋ.”

ಎರಡೂ ಕೈಯನ್ನು ಕತ್ತಲಲ್ಲಿ ಮುಂದೆ ಚಾಚಿದೆ.

ಮೊಳೆಯ ಸದ್ದು ನಿಂತಿತು.

ತಣ್ಣಗಿರುತ್ತದೆ ಅಂದುಕೊಂಡಿದ್ದೆ. ತಣ್ಣಗಿರಲಿಲ್ಲ. ಬೆಚ್ಚಗಿತ್ತು, ಸ್ವಲ್ಪ ಒರಟಾಗಿತ್ತು, ದುಡಿದ ಹೆಂಗಸಿನ ಅಂಗೈ. ಮೊದಲು ಬೆರಳ ತುದಿ ತಾಗಿತು, ಆಮೇಲೆ ಪೂರ್ತಿ ಕೈ ನನ್ನ ಕೈಯೊಳಗೆ ಬಂದು ಕೂತಿತು. ಬಿಗಿಯಾಗಿ ಹಿಡಿಯಿತು… ಇನ್ನೂ ಬಿಗಿಯಾಗಿ. ಬಿಡಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಹಿಡಿದವಳು ಎದುರಿಗಿದ್ದಾಳೋ ನನ್ನ ಕೈಯೊಳಗೇ ಇದ್ದಾಳೋ ತಿಳಿಯದಂತಾಯಿತು.

ಆಮೇಲೆ ನೆನಪಿರುವುದು ಕರೆಂಟು ಬಂದದ್ದು, ಇವರು ಬಾಗಿಲಲ್ಲಿ ನಿಂತದ್ದು. ಹೊಗೆ ಕಂಡು ಒಂದೇ ಸಮನೆ ಓಡಿಬಂದು ಸ್ಟೀರಿಂಗ್ ನೋಡಿದರು. ನಾನು ಅಲ್ಲೇ ನೆಲದ ಮೇಲೆ ಇದ್ದೆ. ನನ್ನ ಎರಡೂ ಅಂಗೈಗೆ ವಾರ್ನಿಶ್ ಮೆತ್ತಿಕೊಂಡಿತ್ತು. ನಾನು ಸ್ಟೀರಿಂಗ್ ಮುಟ್ಟಿರಲಿಲ್ಲ. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ, ಮುಟ್ಟಿರಲಿಲ್ಲ.

ಸ್ಟೀರಿಂಗಿನ ಮೇಲೆ ಒಂದೇ ಒಂದು ಗುರುತಿರಲಿಲ್ಲ. ಅಷ್ಟು ಹೊಗೆಯಲ್ಲೂ ಒಂದು ಕಣ ಮಸಿ ಕೂತಿರಲಿಲ್ಲ. ಅವರು ಟಾರ್ಚ್ ಹಾಕಿ ಸುತ್ತಲೂ ಹುಡುಕಿದರು, ಹಿಂದಿನ ತಗ್ಗುಗಳಲ್ಲಿ ಹುಡುಕಿದರು. ಹುಡುಕುತ್ತಿದ್ದದ್ದು ಕೊರತೆಯನ್ನಲ್ಲ, ಅವಳ ಬೆರಳನ್ನು. ಸಿಗಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ವಾರ್ನಿಶ್ ಒಣಗಿಬಿಟ್ಟಿತು.

ಸಾಹೇಬರು ಬಂದು ನೋಡಿ ಬಹಳ ಮೆಚ್ಚಿಕೊಂಡರಂತೆ. ಕಾರು ಶೆಡ್ಡಿನಿಂದ ಹೊರಟಾಗ ಇವರು ಗೇಟಿನವರೆಗೂ ಹೋಗಿ, ಅದು ಜಿಗಣಿ ರಸ್ತೆಯ ಧೂಳಿನಲ್ಲಿ ಮರೆಯಾಗುವವರೆಗೂ ನಿಂತಿದ್ದರು ಅಂತ ಅಲ್ಲಿಯ ವೆಲ್ಡಿಂಗಿನವರು ಹೇಳಿದರು. ನಾನು ಚೀಲದ ಬಟ್ಟೆ ತೆಗೆದು ಮತ್ತೆ ಜೋಡಿಸಿಟ್ಟೆ. ಫೋಟೋ ಮೊಳೆಗೆ ಏರಿತು, ನಾವು ಒಳಕೋಣೆಗೆ ಬಂದೆವು. ಗೆದ್ದೆ ಅಂತಲೇ ತಿಳಿದಿದ್ದೆ.

ಅದಾದ ಕೆಲವು ದಿನಕ್ಕೆ ಒಂದು ಸಂಜೆ ಫ್ಯಾಕ್ಟರಿಯಿಂದ ಬಂದು ಒಲೆ ಹಚ್ಚಿದೆ. ನಾನು ಮುದ್ದೆ ತಿರುವುವ ಸೀಮೆಯವಳು. ಜೋಳದ ರೊಟ್ಟಿ ನನಗೆ ಬರುವುದಿಲ್ಲ. ಮದುವೆಯಾದ ಹೊಸದರಲ್ಲಿ ಬಡಿಯಲು ಹೋಗಿ, ಹಿಟ್ಟು ಹರಿದು ಹರಿದು ಬಂದು, ನಮ್ಮತ್ತೆ ನಕ್ಕ ಮೇಲೆ ಆ ಹಿಟ್ಟಿನ ಕಡೆ ತಿರುಗಿಯೂ ನೋಡಿರಲಿಲ್ಲ. ಅವತ್ತು ತಲೆಯಲ್ಲಿ ಫ್ಯಾಕ್ಟರಿಯ ಏನೋ ಜಗಳ ಓಡುತ್ತಿತ್ತು. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ತಟ್ಟೆಯ ಮುಂದೆ ಕೂತ ಇವರು ಸದ್ದಿಲ್ಲದೆ ತಿನ್ನುತ್ತಿದ್ದರು.

“ಇನ್ನೊಂದು ಹಾಕ ನೀಲಾ” ಅಂದರು. 

“ತಡೀರಿ, ಬಿಸೀದು ಹಾಕ್ತೀನಿ” ಅಂದೆ.

ಅಂದ ಮೇಲೆ ಕರೆದ ಹೆಸರು ಕಿವಿಗೆ ಬಿತ್ತು. ಕೆಳಗೆ ನೋಡಿದೆ. ರೊಟ್ಟಿ ಬಡಿಯುವ ಮರದ ಕೊಣಮಿಗೆಯ ಮೇಲೆ ನನ್ನೆರಡು ಕೈ ತಪ್… ತಪ್… ಅಂತ ಬಡಿಯುತ್ತಿದ್ದವು. ರೊಟ್ಟಿ ದುಂಡಗೆ, ಅಗಲವಾಗಿ, ಕಾಗದದಷ್ಟು ತೆಳ್ಳಗೆ ಹರಡಿಕೊಂಡು ತಿರುಗುತ್ತಿತ್ತು. ನಿಲ್ಲಿಸಬೇಕು ಅಂದುಕೊಂಡೆ. ಕೈ ಅದನ್ನು ಮುಗಿಸಿಯೇ ನಿಲ್ಲಿಸಿದ್ದು.

ಇವರು ತಲೆಯೆತ್ತಿ ನೋಡಿದರು. ಮುಖ ನೋಡಲಿಲ್ಲ, ಕೈ ನೋಡಿದರು. ಕರೆದ ಹೆಸರನ್ನು ಅವರು ತಿದ್ದಲಿಲ್ಲ, ನಾನೂ ತಿದ್ದಿಸಲಿಲ್ಲ. ತಿದ್ದಿಸಿದರೆ ಇನ್ನೆಲ್ಲಿ ಚೀಲ ಹೊರಗೆ ಬರುತ್ತದೋ ಅನ್ನುವ ಹೆದರಿಕೆ.

ಈಗ ನಾವು ಆ ಮನೆಯಲ್ಲಿಲ್ಲ. ನನ್ನನ್ನು ಎಲ್ಲಿಗಾದರೂ ಹೋಗು ಅಂತ ಅವರು ಮತ್ತೆಂದೂ ಹೇಳಿಲ್ಲ. ಈಗಿರುವ ಬೀದಿಯ ಹೆಂಗಸರೆಲ್ಲ ಗಂಡ ಅಂದರೆ ಹೀಗಿರಬೇಕು ಅನ್ನುತ್ತಾರೆ. ದಿನಾ ರಾತ್ರಿ ನನ್ನ ಎರಡೂ ಕೈಯನ್ನು ಎದೆಗೆ ಒತ್ತಿಕೊಂಡೇ ಮಲಗುತ್ತಾರೆ, ಬೆಳಗಿನವರೆಗೂ ಬಿಡುವುದಿಲ್ಲ. ನಾನು ಪಕ್ಕದಲ್ಲಿ ಎಚ್ಚರವಾಗಿದ್ದು, ನನ್ನವೇ ಆದ ಆ ಕೈಗಳನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತೇನೆ.